ಆ ನಾಲ್ಕನೇ ನಂಬರ್ ಹಳೇ ಲೆಕ್ಕ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣೀಲಿ ಬ್ರಿಟನ್ನಿನ ಬೀಟಲ್ಸ್ ಗುಂಪಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ಬಗ್ಗೆ ಬಂದ ಲೇಖನ ಓದಿದೆ. ಬೀಟಲ್ಸ್ ಅಂದ್ರೆ ಲೆನನ್, ಮೆಕಾರ್ಟ್ನಿ ಇಬ್ರೇ ಅನ್ನೋ ಹಾಗೆ ಬರೆಯೋರೇ ಜಾಸ್ತಿ ಇರುವಾಗ ಇವನಿಗೆ ಅರ್ಧ ಪುಟ ಕೊಟ್ಟಿದ್ದೀರಿ, ಖುಷಿಯಾಯ್ತು. ಆದ್ರೆ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಆಲ್ಬಂ ಅಮೆರಿಕದ ಚಾರ್ಟ್‌ನಲ್ಲಿ, ಅಂದ್ರೆ ಮಾರಾಟದ ಪಟ್ಟೀಲಿ, ಏಳು ವಾರ ನಂಬರ್ ಒನ್ ಇದ್ರೂ ಸ್ವಂತ ದೇಶದಲ್ಲಿ ನಾಲ್ಕಕ್ಕೇ ನಿಂತುಹೋಯ್ತು, ಬ್ರಿಟಿಷರಿಗೆ ಅವನ ಬೆಲೆ ಗೊತ್ತಾಗ್ಲಿಲ್ಲ ಅಂತ ಬರೆದಿದ್ದೀರಲ್ಲ, ಅದು ತಪ್ಪು. ನಾಲ್ಕು ಅನ್ನೋದು ಹಳೇ ಪುಸ್ತಕಗಳ ಅಂಕಿ, 2006ರಲ್ಲೇ ತಿದ್ದಿದ್ದಾರೆ.

ಆಗೆಲ್ಲ ಬ್ರಿಟನ್ನಿನಲ್ಲಿ ಚಾರ್ಟ್ ಮಾಡ್ತಿದ್ದದ್ದು ಹೇಗೆ ಅಂದ್ರೆ, ಗೊತ್ತು ಮಾಡಿದ ಇನ್ನೂರು ಮುನ್ನೂರು ರೆಕಾರ್ಡ್ ಅಂಗಡಿಯವರು ಯಾವ ರೆಕಾರ್ಡ್ ಎಷ್ಟು ಹೋಯ್ತು ಅಂತ ವಾರವಿಡೀ ಬರೆದಿಟ್ಟು ಆ ಲೆಕ್ಕವನ್ನ ಪೋಸ್ಟ್‌ನಲ್ಲಿ ಕಳಿಸ್ಬೇಕಿತ್ತು, ಅದನ್ನ ಕೂಡಿಸಿ ಪಟ್ಟಿ. 1971ರ ಜನವರಿ 20ಕ್ಕೆ ಅಲ್ಲಿನ ಅಂಚೆ ನೌಕರರು ಸಂಬಳದ ವಿಚಾರಕ್ಕೆ ಮುಷ್ಕರಕ್ಕೆ ಕೂತರು, ಸುಮಾರು ಏಳು ವಾರ. ಸಿಂಗಲ್ಸ್, ಅಂದ್ರೆ ಬಿಡಿ ಹಾಡುಗಳ ಪಟ್ಟಿ ಹೇಗೋ ಕುಂಟ್ಕೊಂಡು ನಡೀತು, ಅದರಲ್ಲಿ ಇದೇ ಆಲ್ಬಂನ ‘ಮೈ ಸ್ವೀಟ್ ಲಾರ್ಡ್’ ಐದು ವಾರ ನಂಬರ್ ಒನ್. ಆಲ್ಬಂ ಪಟ್ಟಿ ಮಾತ್ರ ಹೊರಗೇ ಬರ್ಲಿಲ್ಲ. ಮೆಲೊಡಿ ಮೇಕರ್ ಪತ್ರಿಕೆ ತನ್ನದೇ ಬೇರೆ ಚಾರ್ಟ್ ಹಾಕ್ತಿತ್ತು, ಅದರಲ್ಲಿ ಈ ಆಲ್ಬಂ ಎಂಟು ವಾರ ಮೇಲೆ ಕೂತಿತ್ತು. 35 ವರ್ಷ ಆದ್ಮೇಲೆ ಅಧಿಕೃತ ಚಾರ್ಟ್‌ನವರು ಆ ಖಾಲಿ ವಾರಗಳಿಗೆ ಅದೇ ಪಟ್ಟಿಯನ್ನ ಒಪ್ಕೊಂಡ್ರು.

ನಾನು ಅಂಚೆ ಇಲಾಖೇಲಿ ಸಾರ್ಟಿಂಗ್‌ನಲ್ಲೇ 28 ವರ್ಷ ಕಳೆದೋನು, ಅದಕ್ಕೇ ಇದು ನಂಗೆ ಬೇಗ ನಾಟ್ತು. ನಾವೂ ಒಂದ್ಸಲ ಮುಷ್ಕರ ಕೂತು ವಾಪಸ್ ಬಂದ ದಿನ ಚೀಲ ಬಿಚ್ಚಿದ್ರೆ ಮದುವೆ ಮುಗಿದುಹೋದ ಲಗ್ನಪತ್ರಿಕೆಗಳು, ತಾರೀಖು ದಾಟಿದ ಇಂಟರ್‌ವ್ಯೂ ಕಾರ್ಡುಗಳು, ಒಂದೊಂದನ್ನೂ ಕೈಯಲ್ಲಿ ಹಿಡ್ಕೊಂಡು ಇದನ್ನ ಈಗ ಹಂಚೋದಾ ಬೇಡ್ವಾ ಅಂತ ಮುಖ ಮುಖ ನೋಡ್ಕೊಂಡಿದ್ವಿ. ಈ ಮನುಷ್ಯನ ಒಂದನೇ ನಂಬರೂ ಹಂಗೇ ಯಾವ್ದೋ ಚೀಲದಲ್ಲಿ ಉಳಿದಿತ್ತು ಅನ್ಸುತ್ತೆ ನಂಗೆ.

ಅದೂ ಎಂಥಾ ಆಲ್ಬಂ ಸಾರ್, ಡಬ್ಬದಲ್ಲಿ ಮೂರು ಎಲ್‌ಪಿ! ಬೀಟಲ್ಸ್‌ನಲ್ಲಿ ಒಂದು ಆಲ್ಬಂಗೆ ಅವನಿಗೆ ಸಿಗ್ತಿದ್ದದ್ದು ಹೆಚ್ಚೂಕಮ್ಮಿ ಎರಡು ಹಾಡು, ಕಡೇ ಪಂಕ್ತೀಲಿ ಕೂತೋನ ಎಲೆಗೆ ಪಾಯಸ ಬಿದ್ದಷ್ಟು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಅನ್ನೋ ಹಾಡನ್ನೇ 1969ರ ಜನವರೀಲಿ ಗುಂಪಿನ ಮುಂದೆ ಇಟ್ಟಿದ್ದ, ಪ್ರಾಕ್ಟೀಸೂ ಮಾಡಿದ್ರು, ಆಮೇಲೆ ಬಿಟ್ರು. ಗುಂಪು ಒಡೆದ ವರ್ಷವೇ, 1970ರ ನವೆಂಬರ್‌ನಲ್ಲಿ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

ಇನ್ನೊಂದು. ‘ಮೈ ಸ್ವೀಟ್ ಲಾರ್ಡ್’ ಕದ್ದ ಟ್ಯೂನ್ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಿ. ಶಿಫಾನ್ಸ್ ಅನ್ನೋ ಹುಡುಗೀರ ಗುಂಪಿನ ‘ಹೀಸ್ ಸೋ ಫೈನ್’ ಥರಾನೇ ಇದೆ ಅಂತ ಕೇಸ್ ಆಗಿ 1976ರಲ್ಲಿ ಇವನು ಸೋತಿದ್ದು ನಿಜ, ಆದ್ರೆ ಬೇಕಂತ ಮಾಡಿದ್ದಲ್ಲ, ಒಳಮನಸ್ಸಲ್ಲಿ ಉಳಿದಿದ್ದು ಗೊತ್ತಿಲ್ದೇ ಬಂದಿದೆ ಅಂತ ಜಡ್ಜೇ ಹೇಳಿದ್ರು. ಹಾಗಂದ್ರೂ ದಂಡ ತಪ್ಪಲಿಲ್ಲ ಅನ್ನೋದು ಬೇರೆ ಮಾತು. 2001ರ ನವೆಂಬರ್‌ನಲ್ಲಿ ಅವನು ತೀರ್ಕೊಂಡ ಮೇಲೆ ಅದೇ ಹಾಡನ್ನ ಮತ್ತೆ ಬಿಡುಗಡೆ ಮಾಡಿದ್ರು, 2002ರ ಜನವರೀಲಿ ಬ್ರಿಟನ್ನಿನಲ್ಲಿ ಮತ್ತೆ ನಂಬರ್ ಒನ್.

‘ಗಾಟ್ ಮೈ ಮೈಂಡ್ ಸೆಟ್ ಆನ್ ಯೂ’ ಹಾಡನ್ನ ಅವನದೇ ರಚನೆ ಅಂದಿದ್ದೀರಿ, ಅದೂ ಸರಿಯಲ್ಲ, ರೂಡಿ ಕ್ಲಾರ್ಕ್ ಬರೆದು ಜೇಮ್ಸ್ ರೇ ಹಾಡಿದ್ದ ಹಳೇ ಹಾಡು. 1982ರ ‘ಗಾನ್ ಟ್ರಾಪೋ’ ಬ್ರಿಟನ್ ಚಾರ್ಟ್‌ಗೇ ಬರ್ಲಿಲ್ಲ, ಐದು ವರ್ಷ ಆಲ್ಬಂ ಕಡೆ ತಲೆ ಹಾಕ್ದೇ ಇದ್ದು ಈ ಹಾಡಿಂದ ವಾಪಸ್ ಬಂದ, 1988ರ ಜನವರೀಲಿ ಅಮೆರಿಕದಲ್ಲಿ ಒಂದನೇ ಸ್ಥಾನ, ಬ್ರಿಟನ್ನಿನಲ್ಲಿ ಎರಡು. ನನ್ನ ತಮ್ಮ ದುಬೈಯಿಂದ ತಂದ ಈ ಹಾಡಿನ ಕ್ಯಾಸೆಟ್ ಇನ್ನೂ ಇದೆ, ಹಾಕೋಕೆ ಟೇಪ್ ರೆಕಾರ್ಡರ್ ಇಲ್ಲ.

ಜಾಗ ಕಮ್ಮಿ ಇದ್ರೆ ಮೊದಲನೇ ತಿದ್ದುಪಡಿ ಒಂದನ್ನಾದ್ರೂ ಹಾಕಿ. ಈ ಪತ್ರ ಪೋಸ್ಟ್‌ನಲ್ಲೇ ಕಳಿಸೋಣ ಅಂತಿದ್ದೆ, ಮಗಳು ಬೇಡಪ್ಪ ಯಾವಾಗ ಸೇರುತ್ತೋ ಏನೋ ಅಂತ ಈಮೇಲ್ ಮಾಡಿಸಿದ್ಲು.

ಇಂತಿ,
ನಿವೃತ್ತ ಅಂಚೆ ನೌಕರ, ಶಿವಮೊಗ್ಗ