ಟಿಸಿ ತಗೊಂಡು ಮನೇಲಿ ಇಟ್ಕೋಬೇಡಿ: ಪೋಷಕರಿಗೆ ವರ್ಷದ ಕೊನೆ ಪತ್ರ

ಪ್ರೀತಿಯ ಅಪ್ಪ ಅಮ್ಮಂದಿರಿಗೆ, ಮನೇಲಿ ಮಕ್ಕಳನ್ನ ನೋಡ್ಕೊಳ್ತಿರೋ ಅಜ್ಜ ಅಜ್ಜಿಯರಿಗೆ, ನಿಮ್ಮ ಹೆಡ್ ಮಿಸ್ ಮಾಡೋ ನಮಸ್ಕಾರ.

ಮೀಟಿಂಗ್‌ಗೆ ಬನ್ನಿ ಅಂತ ಮೂರು ಸಲ ಚೀಟಿ ಕಳಿಸಿದ್ರೂ ಅರ್ಧಕ್ಕರ್ಧ ಜನ ಬರಲ್ಲ. ತಪ್ಪು ಅಂತಿಲ್ಲ, ಮೆಣಸು ಕುಯ್ಯೋ ಟೈಮು, ಒಂದು ದಿನದ ಕೂಲಿ ಬಿಟ್ಟು ಬಾ ಅನ್ನೋಕೆ ನನಗೂ ಬಾಯಿ ಬರಲ್ಲ. ಅದಕ್ಕೇ ಮೀಟಿಂಗಲ್ಲಿ ಹೇಳ್ಬೇಕಾಗಿದ್ದನ್ನೆಲ್ಲ ಇಲ್ಲೇ ಉದ್ದಕ್ಕೆ ಬರೀತಿದೀನಿ. ಓದೋಕೆ ಬರದವ್ರಿಗೆ ಮಕ್ಕಳು ಓದಿ ಹೇಳ್ಲಿ, ಅದನ್ನೂ ಒಂದು ಹೋಂವರ್ಕ್ ಅನ್ಕೊಳ್ಳಿ. ಜೋರಾಗಿ ಓದ್ಸಿ, ಎಲ್ಲೆಲ್ಲಿ ತಡವರಿಸ್ತಾರೆ ಅಂತ ನಿಮಗೇ ಗೊತ್ತಾಗುತ್ತೆ.

ಮೊದಲು ತಾರೀಖು ಹೇಳಿಬಿಡ್ತೀನಿ, ದಿನಾ ಹತ್ತು ಜನ ಫೋನ್ ಮಾಡಿ ಕೇಳೋದು ಅದೇ. ಏಪ್ರಿಲ್ 10 ಶುಕ್ರವಾರ ಕೊನೇ ದಿನ, ಅವತ್ತೇ ಪ್ರೋಗ್ರೆಸ್ ಕಾರ್ಡ್ ಕೊಡೋದು. 11ರಿಂದ ಬೇಸಿಗೆ ರಜೆ, ಮೇ 28ರವರೆಗೆ. ಮೇ 29ಕ್ಕೆ ಶಾಲೆ ಓಪನ್. ಇಲಾಖೆಯಿಂದ ಏನಾದ್ರೂ ಬದಲಾವಣೆ ಬಂದ್ರೆ ನಾನೇ ತಿಳಿಸ್ತೀನಿ, ಯಾರೋ ಫಾರ್ವರ್ಡ್ ಮಾಡಿದ್ದನ್ನ ನಂಬಬೇಡಿ. ಹೋದ ಮಳೆಗಾಲದಲ್ಲಿ ಬೇರೆ ಯಾವುದೋ ಜಿಲ್ಲೆಯ ಮಳೆ ರಜೆ ಆರ್ಡರ್ ನೋಡಿ ನಮ್ಮ ಏಳನೇ ಕ್ಲಾಸಲ್ಲಿ ಅರ್ಧ ಜನ ಬಂದಿರ್ಲಿಲ್ಲ, ನೆನಪಿರಬೇಕು.

ಈ ವರ್ಷ ನಮಗೆ ದಿನಗಳೇ ಸಾಲಲಿಲ್ಲ ಅಂತ ಒಪ್ಕೋತೀನಿ. ದಸರಾ ರಜೆ ಅಕ್ಟೋಬರ್ 18ರವರೆಗೂ ಎಳೀತು, ನಾವು ಟೀಚರ್‌ಗಳೆಲ್ಲ ಸರ್ಕಾರದ ಜಾತಿ ಸಮೀಕ್ಷೆ ಅಂತ ಮನೆ ಮನೆ ಸುತ್ತಿದ್ವಿ, ನಿಮ್ಮ ಮನೆಗೂ ಬಂದು ಟೀ ಕುಡ್ದು ಅರವತ್ತು ಪ್ರಶ್ನೆ ಕೇಳಿದ್ದು ನಾವೇ. ಆಮೇಲೆ ಶನಿವಾರ ಮಧ್ಯಾಹ್ನ, ಸಂಜೆ ಒಂದೊಂದು ಪೀರಿಯಡ್ ಜಾಸ್ತಿ ಅಂತ ಸೇರಿಸಿ ಪಾಠ ಏನೋ ಮುಗಿಸಿದ್ವಿ. ಪಾಠ ಮುಗಿಯೋದು ಬೇರೆ, ಮಕ್ಕಳಿಗೆ ಹತ್ತೋದು ಬೇರೆ. ಅದರ ಮೇಲೆ ಡಿಸೆಂಬರ್ ಜನವರೀಲಿ ಕಾಫಿ ಹಣ್ಣು ಕುಯ್ಲು ಅಂತ ಆರೇಳು ಮಕ್ಕಳು ವಾರಗಟ್ಟಲೆ ಕಾಣಿಸಲಿಲ್ಲ. ಮನೇಲಿ ಪಾಪು ನೋಡ್ಕೊಳ್ಳೋಕೆ ಅಂತ ನೀವಂತೀರಿ, ಮಕ್ಕಳ ಉಗುರು ನೋಡಿದ್ರೆ ಕಾಫಿ ಕಲೆ ಇರುತ್ತೆ. ನಾನೂ ಇದೇ ಮಲೆನಾಡಲ್ಲಿ ಹುಟ್ಟಿದವಳು ಕಣ್ರೀ, ನನಗೆ ಕಲೆ ಗೊತ್ತಾಗಲ್ವಾ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಎಂಟನೇ ಕ್ಲಾಸ್ ಮಕ್ಕಳು 14 ಜನ ನಮ್ಮನ್ನ ಬಿಟ್ಟು ಹೋಗ್ತಿದಾರೆ, 9 ಹುಡುಗೀರು, 5 ಹುಡುಗರು. ಊರಿನ ಹಳೇ ಜನ ನಮ್ಮನ್ನ ಈಗಲೂ ಮಿಡ್ಲ್ ಸ್ಕೂಲ್ ಅಂತಾರಲ್ಲ, ಹಾಗಂದ್ರೆ ನಡುವಿನ ಸ್ಕೂಲು ಅಂತಲೇ ಅರ್ಥ, ಇದು ಕೊನೆ ಸ್ಟಾಪ್ ಅಲ್ಲ. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಹೋದ ವರ್ಷದ ಒಂದು ವಿಷಯ ಇನ್ನೂ ನನ್ನ ತಲೇಲಿದೆ.

ಹೋದ ವರ್ಷ ಎಂಟು ಮುಗಿಸಿದ ಒಬ್ಬಳು ಹುಡುಗಿ, ಹೆಸರು ಬೇಡ, ಚೆನ್ನಾಗಿ ಓದ್ತಿದ್ಲು, ಏಪ್ರಿಲ್‌ನಲ್ಲೇ ಅವರಪ್ಪ ಬಂದು ಸೈನ್ ಮಾಡಿ ಟಿಸಿ ತಗೊಂಡು ಹೋದ್ರು. ನಾನೂ ಹೈಸ್ಕೂಲಿಗೆ ಸೇರಿರ್ತಾಳೆ ಅಂತ ಸುಮ್ನಿದ್ದೆ. ಜುಲೈನಲ್ಲಿ ಹೈಸ್ಕೂಲ್ ಸಾರ್ ಒಬ್ರು ಸಿಕ್ಕಾಗ ಕೇಳಿದ್ರೆ ಅಂಥ ಹುಡುಗಿ ಬಂದೇ ಇಲ್ಲ ಅಂದ್ರು. ಅವತ್ತು ಸಂಜೆ ಸುರಿಯೋ ಮಳೇಲಿ ನಾನು, ನಮ್ಮ ಹಿಂದಿ ಟೀಚರ್ ಇಬ್ರೂ ತೋಟದ ಲೈನ್ ಮನೆ, ಅಂದ್ರೆ ಕೂಲಿಯವರ ಸಾಲುಮನೆ, ಹುಡ್ಕೊಂಡು ಹೋದ್ವಿ, ಕಾಲಿಗೆ ಜಿಗಣೆ, ಕೊಡೆ ಉಲ್ಟಾ. ಹುಡುಗಿ ತಮ್ಮನ್ನ ಸೊಂಟದ ಮೇಲಿಟ್ಕೊಂಡು ಒಲೆ ಊದ್ತಿದ್ಲು. ಯಾಕಮ್ಮ ಸೇರಲಿಲ್ಲ ಅಂದೆ. ಅವರಮ್ಮ ಒಳಗೆ ಹೋಗಿ ಮಂಜುನಾಥ ಸ್ವಾಮಿ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದ ಪ್ಲಾಸ್ಟಿಕ್ ಕವರ್ ತಂದ್ರು, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಟಿಸಿ. "ನೋಡಿ ಮಿಸ್, ಒಂದ್ ಹನಿ ನೀರೂ ಬಿದ್ದಿಲ್ಲ, ಭದ್ರವಾಗಿಟ್ಟಿದೀವಿ" ಅಂದ್ರು. ಓದು ಮುಗೀತು ಅಂತ ಕೊಟ್ಟಿರೋ ಕಾಗದ ಅದು ಅನ್ಕೊಂಡಿದ್ರು ಅವರು. ನಾನು ಬೈಯ್ಯೋಣ ಅಂತ ಹೋದವಳು ಏನೂ ಮಾತಾಡೋಕಾಗದೆ ನಿಂತೆ, ಯಾಕಂದ್ರೆ ಕೊಡುವಾಗ ಇದೇನು, ಇದನ್ನ ಎಲ್ಲಿ ಕೊಡ್ಬೇಕು ಅಂತ ಬಿಡಿಸಿ ಹೇಳಬೇಕಾದವಳು ನಾನೇ ಅಲ್ವಾ.

ಮಾರನೇ ದಿನ ನಾನೇ ಜೊತೆಗೆ ಹೋಗಿ ಸೇರಿಸಿದೆ. ಒಂದೂವರೆ ತಿಂಗಳ ಪಾಠ ಹೋಗಿತ್ತು, ಆದ್ರೂ ಹಿಡ್ಕೊಂಡ್ಲು. ಈ ಸಂಕ್ರಾಂತಿಗೆ ಹೈಸ್ಕೂಲ್ ಯೂನಿಫಾರ್ಮಲ್ಲೇ ಬಂದು ಸ್ಟಾಫ್ ರೂಮಲ್ಲಿ ಎಲ್ಲರಿಗೂ ಎಳ್ಳು ಬೆಲ್ಲ ಕೊಟ್ಟು ಹೋದ್ಲು.

ಅದಕ್ಕೇ ಈ ಸಲ ಬಿಡಿಸಿ ಹೇಳ್ತೀನಿ ಕೇಳಿ. ಟಿಸಿ ಅಂದ್ರೆ ವರ್ಗಾವಣೆ ಪತ್ರ, ಅಂದ್ರೆ ಇಲ್ಲಿಂದ ಇನ್ನೊಂದು ಶಾಲೆಗೆ ಕೊಡೋಕೆ ಇರೋದು, ಮನೇಲಿ ಇಟ್ಕೊಳ್ಳೋಕಲ್ಲ. ಕೇಳಿದವ್ರಿಗೆ ಟಿಸಿ ಕೊಟ್ಟೇ ಕೊಡ್ತೀನಿ, ಆದ್ರೆ ತಗೊಳ್ಳೋಕೆ ಬಂದಾಗ ಯಾವ ಹೈಸ್ಕೂಲು, ಬಸ್ಸಿನ ವ್ಯವಸ್ಥೆ ಏನು ಅಂತ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹೆಣ್ಮಕ್ಕಳಿಗೆ ಶಕ್ತಿ ಯೋಜನೇಲಿ ಸರ್ಕಾರಿ ಬಸ್ಸು ಫ್ರೀ, ಆಧಾರ್ ಕಾರ್ಡ್ ಕೈಯಲ್ಲಿರಬೇಕು ಅಷ್ಟೆ. ಗಂಡು ಮಕ್ಕಳ ಪಾಸಿಗೆ ಸೇವಾ ಸಿಂಧುಲಿ ಅರ್ಜಿ ಹಾಕ್ಬೇಕು, ಗೊತ್ತಾಗಲಿಲ್ಲ ಅಂದ್ರೆ ಶಾಲೆಗೆ ಬನ್ನಿ. ದಿನಾ ಓಡಾಡೋಕೆ ಆಗಲ್ಲ ಅನ್ನೋರು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್, ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ ವಿಚಾರ ಈಗಲೇ ಕೇಳಿ, ಜೂನ್ ಅರ್ಧ ಆದ್ಮೇಲೆ ಓಡಿ ಬಂದ್ರೆ ಸೀಟಿರಲ್ಲ. ಹೈಸ್ಕೂಲ್ ಓಪನ್ ಆದ ದಿನ ಸಂಜೆ ನಾನು ಆ 14 ಹೆಸರು ಹಿಡ್ಕೊಂಡು ಒಂದೊಂದು ಹೈಸ್ಕೂಲಿಗೂ ಫೋನ್ ಮಾಡ್ತೀನಿ, ಇದನ್ನ ಮಕ್ಕಳಿಗೂ ಹೇಳಿದೀನಿ.

ಟಿಸಿ ಬರೆಯೋಕೆ ಮುಂಚೆ ಹೆಸರು ಸರಿ ಮಾಡ್ಸಿ. ಒಬ್ಬ ಹುಡುಗನಿಗೆ ಆಧಾರಲ್ಲಿ ಇನಿಷಿಯಲ್ ಹಿಂದೆ, ನಮ್ಮ ದಾಖಲಾತಿ ಪುಸ್ತಕದಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇನಿಷಿಯಲ್ಲೇ ಇಲ್ಲ, ಮನೇಲಿ ಕರೆಯೋ ಹೆಸರು ಬೇರೇನೇ. ಒಬ್ಬನೇ ಹುಡುಗ ನಾಲ್ಕು ಜನ ಆಗಿದಾನೆ. ಅಪಾರ್ ಐಡಿ, ಅಂದ್ರೆ ಮಕ್ಕಳ ಓದಿನ ದಾಖಲೆಗೆ ಕೊಡೋ ಗುರುತಿನ ನಂಬರ್, ಆಗಬೇಕಂದ್ರೂ, ಸ್ಕಾಲರ್‌ಶಿಪ್ ದುಡ್ಡು ಬರಬೇಕಂದ್ರೂ ಆಧಾರ್ ಜೊತೆ ಹೆಸರು ಹೊಂದಬೇಕು. ಈಗ ಸರಿ ಮಾಡ್ಸೋದು ಸುಲಭ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ತಪ್ಪು ಹೆಸರು ಕೂತ್ಮೇಲೆ ಅದನ್ನ ತಿದ್ದಿಸೋಕೆ ನೀವು ಅಲೆಯೋ ಅಲೆದಾಟ ನಾನು ಕಣ್ಣಾರೆ ನೋಡಿದೀನಿ.

ಖುಷಿ ವಿಷಯ ಒಂದಿದೆ. ಎನ್‌ಎಂಎಂಎಸ್ ಪರೀಕ್ಷೆಗೆ ಈ ಸಲ ನಮ್ಮಿಂದ 6 ಜನ ಕೂತಿದ್ರು. ಇದು ಎಂಟನೇ ಕ್ಲಾಸ್ ಮಕ್ಕಳಿಗೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್, ಆಯ್ಕೆ ಆದ್ರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದ್ರೆ ನಾಲ್ಕು ವರ್ಷಕ್ಕೆ 48,000. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷ ಮೀರಬಾರದು, ನಮ್ಮಲ್ಲಿ ಅದು ಸಮಸ್ಯೆನೇ ಅಲ್ಲ ಬಿಡಿ. ಸಮಸ್ಯೆ ಇರೋದು ಏಳನೇ ಕ್ಲಾಸಿನ ಮಾರ್ಕ್ಸಲ್ಲಿ, ಅಲ್ಲಿ ನೂರಕ್ಕೆ 55 ಇರಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ 50. ಹಾಗಾಗಿ ಏಳನೇ ಕ್ಲಾಸಿಗೆ ಹೋಗ್ತಿರೋ ಮಕ್ಕಳ ಅಪ್ಪ ಅಮ್ಮ ಇದನ್ನ ಈಗಲೇ ತಲೇಲಿಟ್ಕೊಳ್ಳಿ, ಫೇಲ್ ಮಾಡಲ್ವಲ್ಲ ಯಾಕೆ ಓದಬೇಕು ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು.

ಜನವರೀಲಿ ಬೇಲೂರು ಹಳೇಬೀಡಿಗೆ ಟೂರ್ ಹೋಗಿದ್ದು ಮಕ್ಕಳು ಹೇಳಿರ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ್ವು, ದೂರದೂರದ ಜನ ಬಂದು ನೋಡ್ತಾರೆ, ನಮ್ಮ ತಾಲ್ಲೂಕಿನ ಮಕ್ಕಳು ನೋಡಿರಲ್ಲ, ಅದೇ ನನಗೆ ಸಂಕಟ. ಹಳೇಬೀಡಲ್ಲಿ ಗೋಡೆ ಕೆಳಗಿನ ಸಾಲಲ್ಲಿ ಆನೆಗಳಿದಾವಲ್ಲ, ನಮ್ಮ ಮಕ್ಕಳು ಮದನಿಕೆ, ಶಿವ ಪಾರ್ವತಿ ಯಾವುದನ್ನೂ ನೋಡಲಿಲ್ಲ, ಅಲ್ಲೇ ಕೂತುಬಿಟ್ರು. ಗೈಡ್ ಹೊಯ್ಸಳರು ವಿಷ್ಣುವರ್ಧನ ಅಂತ ಹೇಳ್ತಿದ್ರೆ ಇವರು ದಂತ ಯಾವುದಕ್ಕಿದೆ, ದಂತ ಇಲ್ಲದ ಗಂಡಾನೆ ಮಕ್ನಾ ಯಾವುದು, ಮರಿ ಇರೋ ಗುಂಪು ಯಾವುದು ಅಂತ ಜಗಳ. ಆರನೇ ಕ್ಲಾಸಿನ ಒಬ್ಬ "ಮಿಸ್, ಇದ್ರಲ್ಲಿ ನಮ್ಮ ಅರ್ಜುನ ಯಾವ್ದು?" ಅಂದ. ಯಸಳೂರು ಕಡೆ ಕಾಡಲ್ಲಿ 2023ರ ಡಿಸೆಂಬರ್ 4ಕ್ಕೆ ಕಾಡಾನೆ ಜೊತೆ ಕಾದಾಡಿ ತೀರ್ಕೊಂಡ ದಸರಾ ಆನೆ ಅವರಿಗೆ ಇನ್ನೂ ಮನೆಯವನ ಥರ. ನನಗೆ ಏನು ಹೇಳ್ಬೇಕು ಅಂತ ಗೊತ್ತಾಗಲಿಲ್ಲ, ದೊಡ್ಡದಾಗಿರೋ ಒಂದನ್ನ ತೋರಿಸಿದೆ.

ಆನೆ ಅಂದಾಗ ಇನ್ನೊಂದು. ಶಾಲೆ ಶುರುವಾದ್ಮೇಲೆ ಬೆಳಿಗ್ಗೆ ಆನೆ ಓಡಾಟದ ಮೆಸೇಜ್ ಬಂದ್ರೆ ಮಕ್ಕಳನ್ನ ಒಬ್ಬೊಬ್ಬರೇ ಕಳಿಸಬೇಡಿ, ಲೇಟಾದ್ರೂ ಪರವಾಗಿಲ್ಲ, ದೊಡ್ಡವರು ಜೊತೇಲಿ ಬನ್ನಿ, ಹಾಜರಿ ನಾನು ಹಾಕ್ಕೋತೀನಿ.

ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದಿರೋ ಮನೆಗಳ ಮಕ್ಕಳು ಈ ವರ್ಷ 8 ಜನ ಇದ್ರು. ಅವರಪ್ಪ ಅಮ್ಮಂಗೆ ಈ ಪತ್ರ ಓದೋಕೆ ಬರಲ್ಲ, ಪಕ್ಕದ ಲೈನಿನವರು ದಯವಿಟ್ಟು ಹೇಳಿ. ಆರನೇ ಕ್ಲಾಸಿನ ಹುಡುಗ ಬಂದಾಗ "ನೀರು" ಬಿಟ್ರೆ ಬೇರೆ ಕನ್ನಡ ಬರ್ತಿರಲಿಲ್ಲ, ಮಾರ್ಚಲ್ಲಿ ಉಕ್ತಲೇಖನದಲ್ಲಿ ಕ್ಲಾಸಿಗೇ ಎರಡನೆಯವನು. ಒತ್ತಕ್ಷರ ಎಲ್ಲ ಸರಿ, ಳಕಾರ ಮಾತ್ರ ನಾಲಿಗೆ ಮೇಲೆ ತಿರುಗಲ್ಲ, ಮಳೆಗೆ ಮಲೆ ಅಂತಾನೆ, ನಮ್ಮೂರಲ್ಲಿ ಎರಡೂ ಇದೆ ಬಿಡಪ್ಪ ಅಂದೆ. ಇಂಥ ಮಕ್ಕಳು ಸೀಸನ್ ಮುಗಿದು ರಾತ್ರೋರಾತ್ರಿ ಹೊರಟು ಹೋಗ್ತಾರೆ, ಬೆಳಿಗ್ಗೆ ಹಾಜರಿ ಕೂಗಿದ್ರೆ ಜಾಗ ಖಾಲಿ. ಹೋಗೋದಾದ್ರೆ ಒಂದು ಮಾತು ತಿಳಿಸೋಕೆ ಹೇಳಿ, ಮಗುವಿನ ಪೆನ್ ನಂಬರ್, ಅಂದ್ರೆ ವಿದ್ಯಾರ್ಥಿಯ ಶಾಶ್ವತ ನಂಬರ್, ಬರೆದು ಕೊಡ್ತೀನಿ, ಬೇರೆ ರಾಜ್ಯದ ಶಾಲೇಲೂ ಅದೇ ನಡೆಯುತ್ತೆ. ಎಂಟನೇ ಕ್ಲಾಸಿನವರೆಗೆ ಟಿಸಿ ಇಲ್ಲ ಅನ್ನೋ ಕಾರಣಕ್ಕೆ ಯಾವ ಶಾಲೆನೂ ಸೇರಿಸ್ಕೊಳ್ಳೋದನ್ನ ತಡ ಮಾಡೋ ಹಾಗಿಲ್ಲ, ಕಾನೂನಲ್ಲೇ ಹಾಗಿದೆ.

ರಜೇಲಿ ಓದು ಬರಹ ಅಂತ ಜಾಸ್ತಿ ಹೊರೆ ಹಾಕಿಲ್ಲ. ಲೈಬ್ರರಿಯಿಂದ ಒಬ್ಬೊಬ್ಬರಿಗೆ ಎರಡು ಪುಸ್ತಕ ಕೊಡ್ತೀವಿ, ಹರಿದ್ರೆ ಅಂಟಿಸಿ ತನ್ನಿ, ಬೈಯಲ್ಲ. ಆರು ಏಳರಲ್ಲಿ ಬಹಳ ಮಕ್ಕಳಿಗೆ ಭಾಗಾಕಾರ ಬರಲ್ಲ, ಕಾರ್ಡಲ್ಲಿ ಬಿ ಪ್ಲಸ್ ಇದ್ರೂ ಬರಲ್ಲ, ನಾನು ಮುಚ್ಚಿಡಲ್ಲ. ಮೆಣಸಿನ ಮೂಟೆ ತೂಕ ಹಾಕುವಾಗ, ಇಷ್ಟು ಕೆಜಿಗೆ ಇಷ್ಟಾದ್ರೆ ಒಂದು ಕೆಜಿಗೆ ಎಷ್ಟು ಅಂತ ಅವರ ಕೈಲೇ ಲೆಕ್ಕ ಹಾಕ್ಸಿ.

ಆದ್ರೆ ಎರಡು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ. ಒಂದು ತೋಟದ ಕೃಷಿ ಹೊಂಡ. ಟಾರ್ಪಲ್ ಹಾಸಿರೋ ಹೊಂಡಕ್ಕೆ ಬಿದ್ರೆ ಈಜು ಬರೋ ದೊಡ್ಡವರಿಗೂ ಹತ್ತೋಕಾಗಲ್ಲ, ಪಾಚಿ ಕಟ್ಟಿ ಕಾಲು ಜಾರುತ್ತೆ, ಹಿಡ್ಕೊಳ್ಳೋಕೆ ಏನೂ ಇರಲ್ಲ. ನಿಮ್ಮ ತೋಟದಲ್ಲಿದ್ರೆ ಒಂದು ದಪ್ಪ ಹಗ್ಗಕ್ಕೆ ಗಂಟು ಹಾಕಿ ದಡದಿಂದ ಒಳಗೆ ಇಳಿಬಿಡಿ, ಟೈರ್ ಕಟ್ಟಿದ್ರೆ ಇನ್ನೂ ಒಳ್ಳೇದು. ಎರಡನೇದು ಮೆಣಸು ಕುಯ್ಯೋ ಅಲ್ಯುಮಿನಿಯಂ ಏಣಿ. ಆಟಕ್ಕೂ ಮಕ್ಕಳ ಕೈಗೆ ಕೊಡಬೇಡಿ, ಸಿಲ್ವರ್ ಓಕ್ ಮರಕ್ಕೆ ಒರಗಿಸುವಾಗ ಮೇಲಿನ ಕರೆಂಟ್ ತಂತಿಗೆ ತಗುಲಿದ್ರೆ ಹಿಡಿದವರು ಉಳಿಯಲ್ಲ, ಇಂಥ ಸಾವು ನಮ್ಮ ಕಡೆ ಹೊಸದೇನಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಶಾಲೆ ಕಡೆಯ ಸುದ್ದಿ ಸ್ವಲ್ಪ. ಗಣಿತದ ಅತಿಥಿ ಶಿಕ್ಷಕಿಯ ಅವಧಿ ಈ ತಿಂಗಳಿಗೆ ಮುಗಿಯುತ್ತೆ. ಜೂನಲ್ಲಿ ಅವರೇ ಬರ್ಲಿ ಅಂತ ಎಸ್‌ಡಿಎಂಸಿಯಿಂದ, ಅಂದ್ರೆ ನಮ್ಮ ಶಾಲಾಭಿವೃದ್ಧಿ ಸಮಿತಿಯಿಂದ, ಬರೆದು ಕೊಟ್ಟಿದೀವಿ, ನೀವೂ ಸಹಿ ಹಾಕಿದ್ರಿ, ಮುಂದಿನದು ಮೇಲಿನವರ ಕೈಲಿದೆ. ನಮ್ಮ ಮುಖ್ಯ ಅಡುಗೆಯವರಿಗೆ 60 ತುಂಬಿತು, ಅವರದೂ ಇದೇ ಕೊನೆ ತಿಂಗಳು. ಬೆಳಿಗ್ಗೆ ಹಾಲಿಗೆ ರಾಗಿ ಮಾಲ್ಟ್ ಕದಡೋದರಿಂದ ಹಿಡಿದು ಮಧ್ಯಾಹ್ನ ಮೊಟ್ಟೆ ಸುಲಿಯೋವರೆಗೆ ಎಲ್ಲಾ ಅವರ ಉಸ್ತುವಾರಿ. ಯಾರು ಮೊಟ್ಟೆ ತಿನ್ನಲ್ಲ, ಬಾಳೆಹಣ್ಣು ಕೊಡ್ಬೇಕು, ಯಾರು ಮೊಟ್ಟೆ ಜೇಬಲ್ಲಿಟ್ಕೊಂಡು ಮನೇಲಿರೋ ತಂಗಿಗೆ ಒಯ್ತಾರೆ, ಎಲ್ಲಾ ಅವರಿಗೆ ಬಾಯಿಪಾಠ. ಒಯ್ಯೋರಿಗೆ ನನ್ನ ಕಣ್ತಪ್ಪಿಸಿ ಇನ್ನೊಂದು ಕೊಡ್ತಿದ್ರು, ನಾನು ನೋಡಿದ್ರೂ ನೋಡದೇ ಇದ್ದೆ. ಏಪ್ರಿಲ್ 9ಕ್ಕೆ ಊಟ ಆದ್ಮೇಲೆ ಮಕ್ಕಳೆಲ್ಲ ಸೇರಿ ಅವರಿಗೆ ಒಂದು ಸೀರೆ ಕೊಡ್ತಿದಾರೆ, ಬರೋಕಾದವ್ರು ಬನ್ನಿ. ಅವತ್ತು ಅಡುಗೆ ಅವರು ಮಾಡಂಗಿಲ್ಲ ಅಂತ ಹೇಳಿದೀವಿ, ಕೇಳ್ತಾರೋ ಇಲ್ವೋ ಗೊತ್ತಿಲ್ಲ.

ಕೊನೇದಾಗಿ, ಆಫೀಸ್ ರೂಮಲ್ಲಿ ವಾರಸುದಾರರಿಲ್ಲದ ಸಾಮಾನು ಗುಡ್ಡೆ ಬಿದ್ದಿದೆ. ಕೊಡೆ 4, ಅದ್ರಲ್ಲಿ ಒಂದಕ್ಕೆ ಹಿಡಿ ಇಲ್ಲ. ಊಟದ ತಟ್ಟೆ 7, ಒಂದರ ಹಿಂದೆ ಮೊಳೇಲಿ ಹೆಸರು ಕೆತ್ತಿದೆ, ಆ ಹೆಸರಿನ ಹುಡುಗಿ ನಂದಲ್ಲ ಅಂತಾಳೆ. ನೀಲಿ ಸ್ವೆಟರ್ 2. ಎಡಗಾಲಿನ ಕಪ್ಪು ಶೂ ಒಂದೇ ಒಂದು, ಬಲಗಾಲಿಂದು ಯಾರ ಮನೇಲಿದೆಯೋ ನೋಡಿ 10ನೇ ತಾರೀಖು ಪ್ರೋಗ್ರೆಸ್ ಕಾರ್ಡ್ ತಗೊಳ್ಳೋಕೆ ಬರುವಾಗ ಕೈಯಲ್ಲಿ ಹಿಡ್ಕೊಂಡು ಬನ್ನಿ.

ಇಂತಿ,
ನಿಮ್ಮ ಮಕ್ಕಳ ಹೆಡ್ ಮಿಸ್
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ