ತಾಟೆಗಿಂತ ನೀರಾನೆಗೇ ಹೆದರಬೇಕು ಅಮ್ಮ

ಡರ್ಬನ್, ದಕ್ಷಿಣ ಆಫ್ರಿಕಾ

ಪ್ರೀತಿಯ ಅಮ್ಮ, ಅಣ್ಣ,

ಪ್ರತಿ ಸಲ ಫೋನ್ ಇಡುವ ಮೊದಲು ಅಮ್ಮನದ್ದು ಒಂದೇ ಮಾತು, "ಸಮುದ್ರಕ್ಕೆ ಇಳಿಯಬೇಡ, ಅಲ್ಲಿ ದೊಡ್ಡ ದೊಡ್ಡ ತಾಟೆ ಉಂಟಂತೆ." ತಾಟೆ, ಅಂದರೆ ಶಾರ್ಕ್, ಉಂಟು, ಸುಳ್ಳಲ್ಲ. ಆದರೆ ಡರ್ಬನ್ ಬೀಚಿನಲ್ಲಿ 1952ರಿಂದಲೇ ಶಾರ್ಕ್ ಬಲೆ ಹಾಕುತ್ತಿದ್ದಾರೆ. ನನಗೆ ಹೆದರಿಕೆ ಬೇರೆಯದ್ದು.

ಮೊನ್ನೆ ರಜೆಯಲ್ಲಿ ಸೇಂಟ್ ಲೂಸಿಯಾಕ್ಕೆ ಹೋಗಿದ್ದೆವು. ನಮ್ಮ ಕೋಡಿ ಬೆಂಗ್ರೆ ಹಾಗೆ ನದಿ ಸಮುದ್ರಕ್ಕೆ ಸೇರುವ ಅಳಿವೆ ಇರುವ ಊರು, ಆದರೆ ಇದು ತುಂಬಾ ದೊಡ್ಡದು. ನೀರಿನ ಬದಿಯ ಬೋರ್ಡಿನಲ್ಲಿ ನೀರಾನೆ, ಮೊಸಳೆ, ಶಾರ್ಕ್ ಮೂರಕ್ಕೂ ಸೇರಿಸಿ ಒಂದೇ ಎಚ್ಚರಿಕೆ!

ಅಣ್ಣ, ಬೋಟಿಗೆ ಹೋಗುವವನು ನೀನು, ಇದನ್ನು ಕೇಳು. ಇಲ್ಲಿನ ಬುಲ್ ಶಾರ್ಕಿಗೆ ಜನ ಜಾಂಬೆಜಿ ಎನ್ನುತ್ತಾರೆ, ಅದು ಆಫ್ರಿಕಾದ ಒಂದು ದೊಡ್ಡ ನದಿಯ ಹೆಸರು. ಬೇರೆ ಹೆಚ್ಚಿನ ಶಾರ್ಕ್ ಸಿಹಿನೀರಿಗೆ ಬಂದರೆ ಮೈಯ ಉಪ್ಪೆಲ್ಲ ಹೋಗಿ ಸಾಯುತ್ತದೆ, ಇದು ಮಾತ್ರ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಗೆ ಹಾಕಿ, ಉಪ್ಪನ್ನು ಉಳಿಸಿಕೊಂಡು, ನದಿಯಲ್ಲಿ ಆರಾಮಾಗಿ ಮೇಲಕ್ಕೆ ಹೋಗುತ್ತದೆ. ಮರಿ ಹಾಕುವುದೂ ಅಳಿವೆಯ ಹತ್ತಿರವೇ. ಅಲ್ಲಿ ಮರಿಗಳಿಗೆ ದೊಡ್ಡ ಶಾರ್ಕ್‌ಗಳ ಕಾಟ ಕಡಿಮೆ.

ಈ ಶಾರ್ಕಿನ ಉದ್ದ ಮೂರು ಮೀಟರ್ ದಾಟುವುದುಂಟು, ತೂಕ ಇನ್ನೂರು ಕಿಲೋ ಮೇಲೆ. ನೀರಾನೆ ಒಂದೂವರೆ ಟನ್, ಗಂಡಾದರೆ ಮೂರು ಟನ್ ತನಕವೂ ಇರುತ್ತದೆ. ಕೋರೆಹಲ್ಲೇ ಅರ್ಧ ಮೀಟರ್ ಮಾರಾಯಾ! ತಿನ್ನುವುದು ಮಾತ್ರ ಹುಲ್ಲು, ರಾತ್ರಿಗೆ ನಲವತ್ತು ಕಿಲೋ ಹತ್ತಿರ. ಆ ಹಲ್ಲು ಇರುವುದೇ ಜಗಳಕ್ಕೆ. ನೀರಲ್ಲೇ ಹಗಲೆಲ್ಲ ಬಿದ್ದಿರುತ್ತದೆ, ಆದರೆ ಸರಿಯಾಗಿ ಈಜಲು ಬಾರದು, ಅಡಿಯಲ್ಲಿ ನಡೆಯುತ್ತದೆ ಅಷ್ಟೇ. ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು.

ಎರಡೂ ಎದುರಾದರೆ ಯಾವುದು ಗೆಲ್ಲುತ್ತದೆ ಅಂತ ನೀನು ಕೇಳಿಯೇ ಕೇಳುತ್ತಿ. ಬೆಳೆದ ನೀರಾನೆಯ ತಂಟೆಗೆ ಶಾರ್ಕ್ ಹೋಗಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಅದಕ್ಕೆ ಮೀನು ಸಿಗುವಾಗ ಸುಮ್ನೆ ಯಾಕೆ ಆ ಕೆಲಸ?

ಅಮ್ಮ, ಶಾರ್ಕ್ ನೀರು ಬಿಟ್ಟು ಬರುವುದಿಲ್ಲ ಅಲ್ವಾ? ನೀರಾನೆ ಬರುತ್ತದೆ. ರಾತ್ರಿ ಸೇಂಟ್ ಲೂಸಿಯಾದ ಪೇಟೆ ರಸ್ತೆಯಲ್ಲೇ ಹುಲ್ಲು ಹುಡುಕುತ್ತಾ ತಿರುಗುತ್ತದೆ, ಓಡಿದರೆ ಗಂಟೆಗೆ 30 ಕಿಲೋಮೀಟರ್. ಅದಕ್ಕೂ ನೀರಿಗೂ ನಡುವೆ ನಾವು ಸಿಕ್ಕಿದರೆ ಮುಗಿಯಿತು. ಆಫ್ರಿಕಾದಲ್ಲಿ ನೀರಾನೆಯಿಂದ ವರ್ಷಕ್ಕೆ ಸುಮಾರು 500 ಜನ ಸಾಯುತ್ತಾರೆ ಎಂಬ ಅಂದಾಜುಂಟು. ಶಾರ್ಕಿನಿಂದ ಇಡೀ ಪ್ರಪಂಚದಲ್ಲಿ ಸಾಯುವವರು ಹತ್ತರ ಆಸುಪಾಸು. ಅದಕ್ಕೇ ನಾವು ಕತ್ತಲಾದ ಮೇಲೆ ಊಟಕ್ಕೂ ಕಾರಿನಲ್ಲೇ ಹೋದೆವು, ಹೋಟೆಲು ಅಲ್ಲೇ ಎದುರಿಗೆ ಇದ್ದರೂ.

ಅಣ್ಣ, ಬೋಟಿನ ಇಂಜಿನ್ ರಿಪೇರಿ ಆಯಿತಾ? ದುಡ್ಡು ಬೇಕಾದರೆ ಸಂಕೋಚ ಮಾಡದೆ ಹೇಳು, ಈ ತಿಂಗಳು ಸ್ವಲ್ಪ ಜಾಸ್ತಿ ಕಳಿಸಬಹುದು.

ನಿಮ್ಮ,
ಸಣ್ಣವನು