ಸಾಹೇಬರೇ, ಎಸಿಗಿಂತ ಮೊದಲು ನೆರಳು ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ಮಾರ್ಚ್‌ನಲ್ಲಿ ಪಹಣಿಯಲ್ಲಿ ಹೆಸರು ತಿದ್ದಿಸಲು ತಾಲ್ಲೂಕಿನ ಒಂದು ಹೊಸ ಸರ್ಕಾರಿ ಕಟ್ಟಡಕ್ಕೆ ಮೂರು ಸಲ ಅಲೆದೆ. ಮೊದಲ ಸಲ ಬೆಳಿಗ್ಗೆ ಹೋದಾಗ ಗುಮಾಸ್ತರ ಮೇಜು ಕಿಟಕಿ ಪಕ್ಕ ಇತ್ತು. ಎರಡನೇ ಸಲ, ಮಧ್ಯಾಹ್ನ 3 ಗಂಟೆಗೆ, ಅದು ರೂಮಿನ ನಡುವೆ ಬಂದಿತ್ತು. ಮೂರನೇ ಸಲ 4:30ಕ್ಕೆ ಹೋದರೆ ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲಾ ಬಾಗಿಲ ಹತ್ತಿರ ಸೇರಿದ್ದವು, ನೆಲದ ಮೇಲೆ ಎಳೆದ ವೈರನ್ನು ಜನ ಎಡವಿ ಎಡವಿ ದಾಟುತ್ತಿದ್ದರು. ಪಶ್ಚಿಮದ ಗೋಡೆ ಪೂರ್ತಿ ಗಾಜು. ಕೈಗೆಟುಕುವಷ್ಟು ಎತ್ತರಕ್ಕೆ ಹಳೇ ಪೇಪರ್ ಅಂಟಿಸಿದ್ದಾರೆ, ಅದಕ್ಕೇ ಹಗಲಲ್ಲೂ ಟ್ಯೂಬ್‌ಲೈಟ್. ಎಸಿಯೂ ಓಡುತ್ತಿತ್ತು, ಫ್ಯಾನೂ ಓಡುತ್ತಿತ್ತು, ಗುಮಾಸ್ತರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಏನ್ರೀ ಇದು?" ಅಂದೆ. "ಎಲಿವೇಷನ್, ಅಂದ್ರೆ ಕಟ್ಟಡದ ಮುಂಭಾಗ, ಚೆಂದ ಕಾಣ್ಬೇಕಲ್ರೀ" ಅಂತ ನಕ್ಕರು.

ಈಗ ಅದರ ಪಕ್ಕದಲ್ಲೇ ಇನ್ನೊಂದು ಕಟ್ಟಡಕ್ಕೆ ನೀವು ಗುದ್ದಲಿ ಪೂಜೆ ಮಾಡಿದ್ದೀರಿ. ಬ್ಯಾನರ್‌ನಲ್ಲಿ ಚಿತ್ರ ನೋಡಿದೆ. ಮತ್ತೆ ಅದೇ ಗಾಜು, ಮತ್ತೆ ಪಶ್ಚಿಮಕ್ಕೇ.

ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಆದರೆ ಕಾದ ನೆಲ, ಮೇಜುಗಳ ಶಾಖವನ್ನು ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಒಳಗೆ ಪರದೆ ಹಾಕಿದರೆ ಪರದೆಯೇ ಕಾಯುತ್ತದೆ, ಶಾಖ ಹೆಚ್ಚುಕಮ್ಮಿ ರೂಮಲ್ಲೇ ಉಳಿಯುತ್ತದೆ. ಹಾಗಾಗಿ ನೆರಳು ಗಾಜಿನ ಹೊರಗೇ ಬೇಕು. ಸಜ್ಜಾ ಹಾಕ್ತೀವಿ ಅಂತ ಇಂಜಿನಿಯರ್ ಹೇಳಬಹುದು. ದಕ್ಷಿಣದ ಕಿಟಕಿಗೆ ಅದು ಸರಿ. ಪಶ್ಚಿಮದಲ್ಲಿ ಸಂಜೆ ಸೂರ್ಯ ಇಳಿದು ಸಜ್ಜಾದ ಕೆಳಗಿನಿಂದ ನೇರ ಮುಖಕ್ಕೇ ಹೊಡೆಯುತ್ತಾನೆ. ಅಡ್ಡಕ್ಕೆ ಗೋಡೆ ಎಬ್ಬಿಸಿದರೆ ಬೆಳಗಿನ ಬೆಳಕೂ ಹೋಯಿತು, ಗಾಳಿಯೂ ಹೋಯಿತು. ಬೆಳಿಗ್ಗೆ ತೆರೆದು ಮಧ್ಯಾಹ್ನ ಮುಚ್ಚುವಂಥದ್ದು ಬೇಕು, ಅಲ್ವಾ?

ಅಬುಧಾಬಿಯ ಅಲ್ ಬಹರ್ ಟವರ್ಸ್‌ನಲ್ಲಿ 2012ರಲ್ಲೇ ಇದನ್ನು ಮಾಡಿದ್ದಾರೆ. ಗಾಜಿನಿಂದ ಆಚೆ ಛತ್ರಿಯಂಥ ಹಲಗೆಗಳು, ಒಂದೊಂದು ಗೋಪುರಕ್ಕೆ ಸಾವಿರಕ್ಕೂ ಜಾಸ್ತಿ, ಸೂರ್ಯ ಬಂದ ಕಡೆ ಬಿಚ್ಚಿಕೊಳ್ಳುತ್ತವೆ, ಹೋದ ಮೇಲೆ ಮಡಚಿಕೊಳ್ಳುತ್ತವೆ. ಬಿಸಿಲು ಕಡಿಮೆ ಬೀಳುವ ಉತ್ತರದ ಕಡೆ ಹಾಕೇ ಇಲ್ಲ, ಸುಮ್ನೆ ದುಡ್ಡು ಯಾಕೆ ಅಂತ. ಆದರೆ ಪ್ಯಾರಿಸ್‌ನ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್‌ಗೆ 1987ರಲ್ಲಿ ಕ್ಯಾಮೆರಾ ಕಣ್ಣಿನ ಹಾಗೆ ಹಿಗ್ಗಿ ಕುಗ್ಗುವ ಲೋಹದ ಕಿಂಡಿಗಳನ್ನು ಕೂರಿಸಿದ್ದರು, ಅವು ಕೆಟ್ಟು ನಿಂತು ಕಾಟ ಕೊಟ್ಟವು. ಪ್ಯಾರಿಸ್‌ನಲ್ಲೇ ಹೀಗಾದರೆ ನಮ್ಮ ಕಲಬುರಗಿ ಕಡೆಯ ಧೂಳಿನಲ್ಲಿ? ಬಿಸಿಲು ಗುರುತಿಸುವ ಸೆನ್ಸರ್ ಕೆಟ್ಟರೆ ರಿಪೇರಿ ಫೈಲು ಮೇಲಕ್ಕೆ ಹೋಗಿ ವಾಪಸ್ ಬರುವಷ್ಟರಲ್ಲಿ ಇನ್ನೊಂದು ಚುನಾವಣೆ ಬಂದಿರುತ್ತದೆ. ಬೇಜಾರು ಮಾಡ್ಕೋಬೇಡಿ.

ಹಲಗೆ ತಿರುಗಿಸೋಕೆ ಮೋಟರ್ ಬೇಡ. ನಮ್ಮ ಬಜಾರಿನ ಬಟ್ಟೆ ಅಂಗಡಿಯವರನ್ನು ನೋಡಿ. ಬಿಸಿಲು ಅಂಗಡಿಗೆ ತಿರುಗಿದ ಕೂಡಲೇ ಮುಂದೆ ತಾಡಪತ್ರಿ ಇಳಿಬಿಡುತ್ತಾರೆ, ಸಂಜೆ ಹಗ್ಗ ಎಳೆದು ಸುತ್ತಿ ಕಟ್ಟುತ್ತಾರೆ. ಅದನ್ನೇ ಗಟ್ಟಿಮುಟ್ಟಾಗಿ ಮಾಡಿ: ಗಾಜಿನಿಂದ ಒಂದೆರಡು ಅಡಿ ಆಚೆ ಕಬ್ಬಿಣದ ಚೌಕಟ್ಟು, ಕೈಯಿಂದ ತಿರುಗಿಸುವ ಅಲ್ಯೂಮಿನಿಯಂ ಪಟ್ಟಿಗಳು, ಹಿಡಿಕೆ ಒಳಗಡೆ. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡುತ್ತಾರೆ, ಕೆಟ್ಟರೆ ಅವರೇ ಸರಿಮಾಡುತ್ತಾರೆ. ಗಾಜೂ ಅಷ್ಟೊಂದು ಬೇಡ.

ಇಂಧನ ಉಳಿತಾಯದ ಕಟ್ಟಡ ಸಂಹಿತೆ ಇದೆಯಲ್ಲ ಅಂತ ಯಾರಾದರೂ ಹೇಳಿಯಾರು. 2017ರ ಸಂಹಿತೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ವಿದ್ಯುತ್ ಲೋಡ್ ಇರುವ ದೊಡ್ಡ ಕಟ್ಟಡಗಳಿಗೆ ಅಂತ ಇತ್ತು. ತಾಲ್ಲೂಕಿನ ಸಣ್ಣ ಕಚೇರಿಗಳು ಅದರ ಕೈಗೆ ಸಿಗುವುದು ಕಷ್ಟ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಬಿಸಿಲಿಗೆ ಅಂತ ಏಪ್ರಿಲ್, ಮೇನಲ್ಲಿ ನಮ್ಮ ಭಾಗದ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ 1:30ಕ್ಕೆ ಬದಲಾಯಿಸುತ್ತೀರಿ. ಮಾರ್ಚ್ ಮಧ್ಯಾಹ್ನಗಳಿಗೆ ಆ ಭಾಗ್ಯವೂ ಇಲ್ಲ.

ಎಸ್ಟಿಮೇಟ್ ಇನ್ನೂ ಅಂತಿಮ ಆಗಿಲ್ಲ ಅಂತ ಕೇಳಿದೆ. ಅದಕ್ಕೆ ಮುಂಚೆ ಒಂದು ದಿನ 4:30ಕ್ಕೆ ಇಂಜಿನಿಯರನ್ನೂ ಕರೆದುಕೊಂಡು ಆ ರೂಮಿಗೆ ಬನ್ನಿ. ನಿಮ್ಮ ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಬೇಡಿ ಅಂತ ಮೊದಲೇ ಹೇಳಿ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ